ಹಲ್ಲಿನ ಚಿಕಿತ್ಸೆಯಲ್ಲಿ ಡಿಜಿಟಲ್ ಎಕ್ಸ್‌ರೇ: ನೋವಿಗೂ ಮುಂಚೆ ಕಾಣುವ ರೋಗ

(ಬಾಯಿಯ ಆರೋಗ್ಯದ ಬಗ್ಗೆ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಹಲ್ಲು ನೋಯತೊಡಗಿದಾಗ ಲವಂಗ ಇಟ್ಟುಕೊಳ್ಳುವುದು, ಉಪ್ಪುನೀರು ಮುಕ್ಕಳಿಸುವುದು, ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದು, ಇವು ಯಾವುದೂ ಕೈಹಿಡಿಯದಿದ್ದಾಗ ಹಲ್ಲಿನ ಡಾಕ್ಟರ ಬಳಿಗೆ ಹೋಗುವುದು ನಮ್ಮಲ್ಲಿ ಇಂದಿಗೂ ನಡೆದುಬಂದ ಪದ್ಧತಿ. ಹಾಗೆ ಬಂದವರು ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಾಗ ವೈದ್ಯರ ಕಣ್ಣಿಗೆ ಬೀಳುವುದು ವಸಡಿನಿಂದ ಮೇಲೆ ಇರುವ ಭಾಗ ಮಾತ್ರ. ಹಲ್ಲಿನ ಉದ್ದದ ಅರ್ಧಕ್ಕಿಂತ ಹೆಚ್ಚಿನ ಪಾಲು ಬೇರಾಗಿ ದವಡೆಯ ಮೂಳೆಯೊಳಗೆ ಹುದುಗಿರುತ್ತದೆ. ಎರಡು ಹಲ್ಲುಗಳು ಒಂದಕ್ಕೊಂದು ತಾಗುವ ಜಾಗವಂತೂ ಕನ್ನಡಿ ಹಿಡಿದು ನೋಡಿದರೂ ಕಾಣುವುದಿಲ್ಲ. ಹುಳುಕು ಶುರುವಾಗುವುದು ಬಹಳಷ್ಟು ಸಲ ಈ ತಾಗುವ ಜಾಗದಲ್ಲೇ, ಕೀವು ಕಟ್ಟುವುದು ಬೇರಿನ ತುದಿಯಲ್ಲೇ.

ಡಿಜಿಟಲ್ ಎಕ್ಸ್‌ರೇ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಅದರ ವೇಗವನ್ನೂ ಅದರಲ್ಲಿ ವಿಕಿರಣ ಕಡಿಮೆ ಎಂಬುದನ್ನೂ ಮುಂದಿಡುತ್ತಾರೆ. ಎರಡೂ ನಿಜವೇ, ಎರಡನ್ನೂ ಮುಂದೆ ವಿವರಿಸುತ್ತೇನೆ. ಆದರೆ ದಂತ ವೈದ್ಯಕೀಯ ಕಾಲೇಜಿನ ರೇಡಿಯಾಲಜಿ ವಿಭಾಗದಲ್ಲಿ ಪಾಠ ಹೇಳುತ್ತ, ರೋಗಿಗಳನ್ನು ನೋಡುತ್ತ ಬಂದ ನನಗೆ ಅದರ ದೊಡ್ಡ ಪ್ರಯೋಜನ ಇನ್ನೊಂದು ಎಂದು ಮನವರಿಕೆಯಾಗಿದೆ. ನೋವು ಬರುವ ಮುಂಚೆಯೇ ರೋಗವನ್ನು ಹಿಡಿಯಬಹುದು. ಹಿಡಿದದ್ದನ್ನು ರೋಗಿಯ ಕಣ್ಣೆದುರಿನ ಪರದೆಯ ಮೇಲೆ ಆಗಲೇ ತೋರಿಸಿ, ಏನು ಮಾಡಬೇಕು, ಏನು ಮಾಡಬೇಕಾಗಿಲ್ಲ ಎಂಬುದನ್ನು ಅವರ ಜೊತೆ ಕೂತು ತೀರ್ಮಾನಿಸಬಹುದು. ಫಿಲ್ಮಿನ ಕಾಲದಲ್ಲಿ ಇದು ಅಸಾಧ್ಯವಾಗಿರಲಿಲ್ಲ, ಆದರೆ ಅಷ್ಟು ವ್ಯವಧಾನ ವೈದ್ಯರಿಗೂ ಇರುತ್ತಿರಲಿಲ್ಲ, ಬೆರಳಗಲದ ಫಿಲ್ಮಿನಲ್ಲಿ ರೋಗಿಗೆ ಏನೂ ತಿಳಿಯುತ್ತಲೂ ಇರಲಿಲ್ಲ.

ಸ್ವಲ್ಪ ಹಿಂದಿನ ಸಂಗತಿಯನ್ನು ನೆನೆಯೋಣ. 1895ರ ನವೆಂಬರಿನಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರೋಂಟ್‌ಗೆನ್ ಎಕ್ಸ್ ಕಿರಣಗಳನ್ನು ಕಂಡುಹಿಡಿದರು. ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ, ಅದೇ ದೇಶದ ಓಟೊ ವಾಲ್ಕೋಫ್ ಎಂಬ ದಂತವೈದ್ಯರು ಗಾಜಿನ ಫೋಟೋ ತಟ್ಟೆಯ ಚೂರನ್ನು ತಮ್ಮ ಬಾಯಿಯಲ್ಲೇ ಇಟ್ಟುಕೊಂಡು ಸುಮಾರು 25 ನಿಮಿಷ ಕಿರಣಗಳಿಗೆ ಒಡ್ಡಿಕೊಂಡು ಹಲ್ಲಿನ ಮೊದಲ ಚಿತ್ರ ಪಡೆದರು. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಎಡ್ಮಂಡ್ ಕೆಲ್ಸ್ ಈ ವಿದ್ಯೆಯನ್ನು ದಿನನಿತ್ಯದ ದಂತಚಿಕಿತ್ಸೆಗೆ ತಂದವರಲ್ಲಿ ಮೊದಲಿಗರು. ಅವರು ಯಂತ್ರವನ್ನು ಹದಗೊಳಿಸಲು ಪ್ರತಿ ಸಲವೂ ತಮ್ಮ ಕೈಯನ್ನೇ ಕಿರಣಕ್ಕೆ ಅಡ್ಡ ಹಿಡಿಯುತ್ತಿದ್ದರು. ಮುಂದೆ ಅದೇ ಕೈಗೆ ಕ್ಯಾನ್ಸರ್ ತಗುಲಿ, ಮೊದಲು ಬೆರಳುಗಳನ್ನೂ ಆಮೇಲೆ ತೋಳನ್ನೂ ಕಳೆದುಕೊಂಡು 1928ರಲ್ಲಿ ತೀರಿಕೊಂಡರು. ವಿಕಿರಣದ ಬಗ್ಗೆ ನಾವು ಇಂದು ಪಾಲಿಸುವ ಎಚ್ಚರದ ಹಿಂದೆ ಇಂಥವರ ಬದುಕು ಇದೆ ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ.

ಅಲ್ಲಿಂದ ಮುಂದೆ ಫಿಲ್ಮುಗಳ ಸೂಕ್ಷ್ಮತೆ ಹೆಚ್ಚುತ್ತ ಬಂದು, ನಿಮಿಷಗಳ ಕೆಲಸ ಸೆಕೆಂಡಿನ ಭಾಗಕ್ಕೆ ಇಳಿಯಿತು. 1980ರ ದಶಕದಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಮುಯೆನ್ ಫಿಲ್ಮನ್ನೇ ಕೈಬಿಟ್ಟು, ಬಾಯಿಯೊಳಗೆ ಇಡುವ ಪುಟ್ಟ ಎಲೆಕ್ಟ್ರಾನಿಕ್ ಸೆನ್ಸರ್ ಒಂದನ್ನು ರೂಪಿಸಿದರು. ರೇಡಿಯೋವಿಸಿಯೋಗ್ರಫಿ ಎಂಬ ಹೆಸರಿನಲ್ಲಿ ಅದು 1987ರ ಹೊತ್ತಿಗೆ ಬಳಕೆಗೆ ಬಂತು. ಕಂಪನಿ ಯಾವುದೇ ಇರಲಿ, ನಮ್ಮ ಊರುಗಳ ಕ್ಲಿನಿಕ್‌ಗಳಲ್ಲಿ ಇಂದಿಗೂ ಎಲ್ಲರ ಬಾಯಲ್ಲಿರುವ ‘ಆರ್‌ವಿಜಿ’ ಇದೇ ಹೆಸರಿನ ಸಂಕ್ಷಿಪ್ತ ರೂಪ.

ಕೆಲಸ ಮಾಡುವ ಬಗೆ ಸರಳವಾಗಿದೆ. ಹಲ್ಲು, ಮೂಳೆಗಳು ಎಕ್ಸ್ ಕಿರಣವನ್ನು ಹೆಚ್ಚು ತಡೆಯುತ್ತವೆ, ಹುಳುಕು ಹಿಡಿದ ಭಾಗ ಮತ್ತು ಕೀವಿನಿಂದ ಮೂಳೆ ಕರಗಿದ ಜಾಗ ಕಡಿಮೆ ತಡೆಯುತ್ತವೆ. ಹೀಗೆ ದಾಟಿ ಬಂದ ಕಿರಣವನ್ನು ಸೆನ್ಸರಿನ ಮೇಲ್ಪದರ ಬೆಳಕಾಗಿ ಮಾರ್ಪಡಿಸುತ್ತದೆ, ಒಳಗಿನ ಚಿಪ್ ಆ ಬೆಳಕನ್ನು ವಿದ್ಯುತ್ ಸಂಕೇತವಾಗಿಸುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಮೂಡುತ್ತದೆ. ಇನ್ನೊಂದು ಬಗೆಯಲ್ಲಿ, ಫಿಲ್ಮಿನಷ್ಟೇ ತೆಳುವಾದ ಫಾಸ್ಫರ್ ತಟ್ಟೆಯನ್ನು ಬಾಯಿಯಲ್ಲಿಟ್ಟು ಚಿತ್ರ ತೆಗೆದು, ಅನಂತರ ಅದನ್ನು ಲೇಸರ್ ಸ್ಕ್ಯಾನರಿನಲ್ಲಿ ಓದಿಸುತ್ತಾರೆ. ಓದಿಸಿದ ಮೇಲೆ ಪ್ರಖರ ಬೆಳಕಿನಿಂದ ಅಳಿಸಿ ಅದೇ ತಟ್ಟೆಯನ್ನು ಮತ್ತೆ ಬಳಸುತ್ತಾರೆ. ತಂತಿ ಇಲ್ಲದ ಈ ತಟ್ಟೆ ಬಾಯಿಗೆ ಹಿತ, ಗಡುಸಾದ ಸೆನ್ಸರ್ ಚಿತ್ರ ಕೊಡುವುದರಲ್ಲಿ ಚುರುಕು. ವಾಕರಿಕೆ ಹೆಚ್ಚಿರುವವರಿಗೆ, ಸಣ್ಣ ಬಾಯಿಯ ಮಕ್ಕಳಿಗೆ ನಾನು ತಟ್ಟೆಯನ್ನೇ ಆರಿಸುತ್ತೇನೆ.

ಫಿಲ್ಮಿನ ಕಾಲದ ಕಷ್ಟವನ್ನು ತಿಳಿಯದವರಿಗೆ ಡಿಜಿಟಲ್ ಕೊಟ್ಟ ಬಿಡುಗಡೆ ಅರ್ಥವಾಗುವುದು ಕಷ್ಟ. ಫಿಲ್ಮನ್ನು ಕತ್ತಲೆ ಕೋಣೆಯಲ್ಲಿ ಡೆವಲಪರ್ ದ್ರಾವಣದಲ್ಲಿ ಅದ್ದಿ, ನೀರಿನಲ್ಲಿ ಜಾಲಿಸಿ, ಫಿಕ್ಸರಿನಲ್ಲಿ ಇಟ್ಟು, ಮತ್ತೆ ತೊಳೆದು ಒಣಗಿಸಬೇಕಿತ್ತು. ಈ ದ್ರಾವಣಗಳು ಸುಮಾರು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿದ್ದಾಗ ಚಿತ್ರ ಚೆನ್ನಾಗಿ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯಂಥ ಊರುಗಳಲ್ಲಿ, ಅದೂ ಕರೆಂಟು ಹೋದ ಮಧ್ಯಾಹ್ನ, ಕಿಟಕಿಯೇ ಇಲ್ಲದ ಕತ್ತಲೆ ಕೋಣೆಯಲ್ಲಿ ಆ ಉಷ್ಣತೆಯನ್ನು ಕಾಯ್ದುಕೊಳ್ಳುವುದು ಹೇಗೆ? ದ್ರಾವಣ ಬಿಸಿಯಾದರೆ ಚಿತ್ರ ಮಸುಕಾಗುತ್ತದೆ. ಮಸುಕಾದರೆ ಇನ್ನೊಂದು ಫಿಲ್ಮ್ ತೆಗೆಯಬೇಕು. ಅಂದರೆ ರೋಗಿಯ ಮೈಗೆ ಯಾವ ಪ್ರಯೋಜನವೂ ಇಲ್ಲದೆ ಎರಡನೆಯ ಸಲ ವಿಕಿರಣ. ಸರಿಯಾಗಿ ತೊಳೆಯದ ಫಿಲ್ಮು ಕೆಲವು ವರ್ಷಗಳಲ್ಲಿ ಕಂದು ತಿರುಗುತ್ತಿತ್ತು, ಮಲೆನಾಡಿನ ಮಳೆಗಾಲದ ತೇವಕ್ಕೆ ಫಿಲ್ಮುಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಬಳಸಿದ ಫಿಕ್ಸರಿನಲ್ಲಿ ಬೆಳ್ಳಿಯ ಅಂಶ, ಪ್ರತಿ ಫಿಲ್ಮಿನ ಪೊಟ್ಟಣದಲ್ಲಿ ಸೀಸದ ತೆಳು ಹಾಳೆ ಇರುತ್ತಿದ್ದವು. ಅವನ್ನು ಚರಂಡಿಗೋ ಕಸಕ್ಕೋ ಸೇರಿಸದೆ ವಿಲೇವಾರಿ ಮಾಡುವ ವ್ಯವಸ್ಥೆ ಸಣ್ಣ ಊರುಗಳಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಡಿಜಿಟಲ್ ಪದ್ಧತಿ ಈ ಇಡೀ ಸರಣಿಯನ್ನೇ ಇಲ್ಲವಾಗಿಸಿತು. ಬಿಸಿಲ ನಾಡಿನ ವೈದ್ಯರಿಗೆ ಇದರ ಬೆಲೆ ತಂಪು ದೇಶದ ವೈದ್ಯರಿಗಿಂತ ಹೆಚ್ಚು ಗೊತ್ತು.

ಈಗ ರೂಟ್ ಕೆನಾಲ್ ಚಿಕಿತ್ಸೆಯನ್ನು ಹತ್ತಿರದಿಂದ ನೋಡೋಣ. ಕೆಳದವಡೆಯ ಮೊದಲ ದೊಡ್ಡ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರು ನಾಳ ಇರುತ್ತವೆ, ಕೆಲವರಲ್ಲಿ ನಾಲ್ಕು. ಕೊಳೆತ ನರವನ್ನು ತೆಗೆದು ನಾಳವನ್ನು ತೊಳೆಯಲು ವೈದ್ಯರು ಬಳಸುವ ಫೈಲ್ ಎಂಬ ಉಕ್ಕಿನ ಕಡ್ಡಿಗಳಲ್ಲಿ ಆರಂಭದವುಗಳ ತುದಿ ಒಂದು ಮಿಲಿಮೀಟರಿನ ಏಳನೇ ಒಂದು ಭಾಗದಷ್ಟು ಸಪೂರ. ಆ ತುದಿ ಬೇರಿನ ಕೊನೆಗಿಂತ ಅರ್ಧದಿಂದ ಒಂದು ಮಿಲಿಮೀಟರ್ ಹಿಂದೆ ನಿಲ್ಲಬೇಕು. ಬಹಳ ಹಿಂದೆ ನಿಂತರೆ ಸೋಂಕು ಒಳಗೇ ಉಳಿಯುತ್ತದೆ, ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ಊತ ಬರುತ್ತದೆ. ಮುಂದೆ ಹೋದರೆ ಬೇರಿನಾಚೆಯ ಅಂಗಾಂಶಕ್ಕೆ ಗಾಯವಾಗುತ್ತದೆ. ಉದ್ದವನ್ನು ಅಳೆಯುವ ಎಲೆಕ್ಟ್ರಾನಿಕ್ ಸಾಧನ ಈಗ ಇದೆ, ಆದರೂ ಕಡ್ಡಿಯನ್ನು ನಾಳದಲ್ಲಿಟ್ಟು ಚಿತ್ರ ತೆಗೆದು ನೋಡುವ ಕ್ರಮ ಇಂದಿಗೂ ಉಳಿದಿದೆ. ಫಿಲ್ಮಿನ ಕಾಲದಲ್ಲಿ ರೋಗಿ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿಸಿಕೊಂಡು, ಬಾಯಿ ತೆರೆದೇ, ಕತ್ತಲೆ ಕೋಣೆಯಿಂದ ಫಿಲ್ಮು ಬರುವ ತನಕ ಕಾಯಬೇಕಿತ್ತು. ಎರಡು ನಾಳಗಳು ಚಿತ್ರದಲ್ಲಿ ಒಂದರ ಹಿಂದೊಂದು ಬಂದು ಬೆರೆತುಹೋಗಿದ್ದರೆ, ಯಂತ್ರದ ಕೋನವನ್ನು ತುಸು ಬದಲಿಸಿ ಮತ್ತೊಂದು ಫಿಲ್ಮು, ಮತ್ತೆ ಅಷ್ಟೇ ಕಾಯುವಿಕೆ. ಇಂದು ಸೆನ್ಸರನ್ನು ಬಾಯಿಯಿಂದ ತೆಗೆಯುವ ಮೊದಲೇ ಚಿತ್ರ ಪರದೆಯ ಮೇಲಿರುತ್ತದೆ. ಕಡ್ಡಿಯ ತುದಿ ಎಲ್ಲಿದೆ ಎಂಬುದನ್ನು ದೊಡ್ಡದು ಮಾಡಿ ನೋಡಬಹುದು, ತಂತ್ರಾಂಶದಲ್ಲೇ ಅಳೆಯಬಹುದು, ಕಪ್ಪು ಬಿಳುಪಿನ ಅಂತರವನ್ನು ಹೆಚ್ಚು ಕಡಿಮೆ ಮಾಡಿ ಬೇರಿನ ಅಂಚನ್ನು ಗುರುತಿಸಬಹುದು. ಚಿಕಿತ್ಸೆಯ ಗುಣಮಟ್ಟ ಎಂಬ ಮಾತು ಇಲ್ಲಿ ಮಿಲಿಮೀಟರುಗಳಲ್ಲಿ ಅಳತೆಗೆ ಸಿಗುತ್ತದೆ.

ಆದರೂ ನನಗೆ ಹೆಚ್ಚು ಮುಖ್ಯವೆನಿಸುವುದು ನೋವಿಲ್ಲದ ಹಲ್ಲಿನ ಚಿತ್ರ. ಬೈಟ್‌ವಿಂಗ್ ಎಂಬ ಕ್ರಮದಲ್ಲಿ ರೋಗಿ ಒಂದು ಸಣ್ಣ ಪಟ್ಟಿಯನ್ನು ಕಚ್ಚಿ ಹಿಡಿಯುತ್ತಾರೆ, ಮೇಲಿನ ಮತ್ತು ಕೆಳಗಿನ ದವಡೆ ಹಲ್ಲುಗಳ ಕಿರೀಟ ಭಾಗಗಳು ಒಂದೇ ಚಿತ್ರದಲ್ಲಿ ಬರುತ್ತವೆ. ಎರಡು ಹಲ್ಲು ತಾಗುವ ಬಿಂದುವಿನ ಸ್ವಲ್ಪ ಕೆಳಗೆ, ಎನಾಮೆಲ್‌ನ ಬಿಳಿ ಪದರದಲ್ಲಿ ಒಂದು ಕಪ್ಪು ತ್ರಿಕೋನ ಕಂಡರೆ ಅಲ್ಲಿ ಹುಳುಕು ಹೊರಟಿದೆ ಎಂದು ಅರ್ಥ. ಅದರ ಬುಡ ಹಲ್ಲಿನ ಹೊರಮೈಯಲ್ಲಿ, ಮೊನೆ ಒಳಮುಖವಾಗಿ ಇರುತ್ತದೆ. ಮೊನೆ ಎನಾಮೆಲ್‌ನಲ್ಲೇ ನಿಂತಿದ್ದು ಮೇಲ್ಮೈ ಕುಸಿಯದೆ ಇದ್ದರೆ ಹಲ್ಲನ್ನು ಕೊರೆಯುವ ಅಗತ್ಯವಿಲ್ಲ. ಫ್ಲೋರೈಡ್ ಲೇಪ ಹಚ್ಚಿ, ಹಲ್ಲುಗಳ ಸಂದಿಯನ್ನು ನೂಲಿನಿಂದ ಶುಚಿಗೊಳಿಸುವುದನ್ನು ಕಲಿಸಿ, ಪದೇ ಪದೇ ಸಿಹಿ ಬಾಯಾಡಿಸುವ ಅಭ್ಯಾಸವನ್ನು ತಗ್ಗಿಸಿದರೆ ಹುಳುಕು ಅಲ್ಲೇ ನಿಲ್ಲಬಹುದು. ನಿಂತಿದೆಯೇ ಎಂದು ತಿಳಿಯಲು ಸೂಕ್ತ ಅಂತರದ ನಂತರ ಮತ್ತೊಂದು ಚಿತ್ರ ತೆಗೆದು ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಬೇಕು. ಎರಡೂ ಚಿತ್ರಗಳು ಒಂದೇ ಕಂಪ್ಯೂಟರಿನಲ್ಲಿ ಹಾಳಾಗದೆ ಉಳಿದಿರುವುದರಿಂದ ಈ ಹೋಲಿಕೆ ನಂಬಿಕೆಗೆ ಅರ್ಹವಾಗುತ್ತದೆ. ಹೀಗೆ, ಕೊರೆಯದೆ ಬಿಡುವ ಧೈರ್ಯವನ್ನು ವೈದ್ಯರಿಗೆ ಕೊಟ್ಟದ್ದು ನನ್ನ ದೃಷ್ಟಿಯಲ್ಲಿ ಈ ತಂತ್ರಜ್ಞಾನದ ಅತ್ಯಂತ ಬೆಲೆಯುಳ್ಳ ಕೊಡುಗೆ.

ನಮ್ಮ ರಾಜ್ಯಕ್ಕೆ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲಿ ಸೇರಿಸುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ ಮುಂತಾದ ಕಡೆ ಕೊಳವೆಬಾವಿ ನೀರಿನ ಫ್ಲೋರೈಡ್ ಅಂಶದಿಂದ ಅನೇಕರ ಹಲ್ಲುಗಳಲ್ಲಿ ಕಂದು ಕಲೆಗಳಿರುತ್ತವೆ. ಬರಿಗಣ್ಣಿಗೆ ಕಲೆಯೂ ಹುಳುಕೂ ಒಂದೇ ರೀತಿ ಕಾಣಬಹುದು. ಬಣ್ಣ ಎಕ್ಸ್‌ರೇಯಲ್ಲಿ ಮೂಡುವುದಿಲ್ಲ, ಒಳಗೆ ಇಳಿದ ಹುಳುಕು ಮೂಡುತ್ತದೆ. ಬರೀ ಕಲೆಯನ್ನು ಹುಳುಕೆಂದು ಭಾವಿಸಿ ಗಟ್ಟಿ ಹಲ್ಲನ್ನು ಕೊರೆಯುವ ತಪ್ಪು ನಡೆಯದಂತೆ ಇದು ತಡೆಯಬಲ್ಲದು.

ವಸಡು ರೋಗದ ವಿಷಯವೂ ಹೀಗೆಯೇ. ಸಕ್ಕರೆ ಕಾಯಿಲೆ ಇರುವವರಲ್ಲಿ, ತಂಬಾಕು ಜಗಿಯುವವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ ಹಲ್ಲನ್ನು ಹಿಡಿದಿರುವ ಮೂಳೆ ಸದ್ದಿಲ್ಲದೆ ಸವೆಯುತ್ತದೆ. ನೋವು ಇರುವುದೇ ಇಲ್ಲ. ಒಂದು ದಿನ ಚಕ್ಕುಲಿ ಕಡಿಯುವಾಗ ಹಲ್ಲು ಅಲುಗಾಡಿದಾಗಲೇ ಗೊತ್ತಾಗುವುದು. ಆರೋಗ್ಯವಂತ ಬಾಯಿಯಲ್ಲಿ ಮೂಳೆಯ ಅಂಚು ಹಲ್ಲಿನ ಕುತ್ತಿಗೆಗಿಂತ ಒಂದೆರಡು ಮಿಲಿಮೀಟರ್ ಕೆಳಗೆ ಇರುತ್ತದೆ. ಅದು ಬೇರಿನ ಅರ್ಧದವರೆಗೆ ಇಳಿದಿರುವುದನ್ನು ಪರದೆಯಲ್ಲಿ ಕಂಡ ವ್ಯಕ್ತಿಗೆ ತಂಬಾಕು ಬಿಡಿ ಎಂದು ಹೇಳುವುದಕ್ಕೂ, ಚಿತ್ರ ತೋರಿಸದೆ ಹೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ತಮ್ಮದೇ ಮೂಳೆ ಎಲ್ಲಿತ್ತು, ಎಲ್ಲಿಗೆ ಬಂದಿದೆ ಎಂಬುದನ್ನು ಬೆರಳಿಟ್ಟು ಕೇಳುವ ರೋಗಿಗಳನ್ನು ನಾನು ಕಂಡಿದ್ದೇನೆ. ಅಂಥವರು ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟುಹೋಗುವುದು ಕಡಿಮೆ.

ಇನ್ನು ವಿಕಿರಣ. ಈ ಭಯ ಸಹಜವಾದದ್ದು, ಅದಕ್ಕೆ ಅಂಕಿಗಳಿಂದಲೇ ಉತ್ತರ ಕೊಡಬೇಕು. ಮಣ್ಣು, ಗಾಳಿ, ಆಹಾರ, ಆಕಾಶದಿಂದ ಬರುವ ಕಿರಣಗಳಿಂದ ಜಗತ್ತಿನ ಪ್ರತಿ ವ್ಯಕ್ತಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್, ಅಂದರೆ ದಿನಕ್ಕೆ ಸುಮಾರು 6 ರಿಂದ 7 ಮೈಕ್ರೋಸೀವರ್ಟ್ ವಿಕಿರಣ ತಾನಾಗಿಯೇ ತಗುಲುತ್ತದೆ (ಸೀವರ್ಟ್ ಎಂಬುದು ಮೈಗೆ ತಗುಲುವ ವಿಕಿರಣದ ಅಳತೆ, ಒಂದು ಮಿಲಿಸೀವರ್ಟ್ ಎಂದರೆ ಸಾವಿರ ಮೈಕ್ರೋಸೀವರ್ಟ್). ಬಾಯಿಯೊಳಗೆ ಸೆನ್ಸರ್ ಇಟ್ಟು ಸರಿಯಾದ ಕ್ರಮದಲ್ಲಿ ತೆಗೆಯುವ ಒಂದು ಡಿಜಿಟಲ್ ಚಿತ್ರದಿಂದ ಬರುವುದು ಕೆಲವೇ ಮೈಕ್ರೋಸೀವರ್ಟ್, ಹೆಚ್ಚುಕಡಿಮೆ ಒಂದು ದಿನದ ಸಹಜ ವಿಕಿರಣದಷ್ಟು ಅಥವಾ ಅದಕ್ಕಿಂತ ಕಡಿಮೆ. ಇಡೀ ದವಡೆಯನ್ನು ತೋರಿಸುವ ಓಪಿಜಿ ಚಿತ್ರಕ್ಕೆ ಇದರ ಕೆಲವು ಪಟ್ಟು ಬೇಕಾಗುತ್ತದೆ. ಹಳೆಯ ನಿಧಾನ ಫಿಲ್ಮಿಗೆ ಹೋಲಿಸಿದರೆ ಡಿಜಿಟಲ್‌ನಲ್ಲಿ ಉಳಿತಾಯ ದೊಡ್ಡದು. ಕೊನೆಯ ದಿನಗಳ ಅತಿವೇಗದ ಫಿಲ್ಮಿಗೆ ಹೋಲಿಸಿದರೆ ಅಷ್ಟು ದೊಡ್ಡದಲ್ಲ. ಜಾಹೀರಾತುಗಳು ಮೊದಲನೆಯ ಹೋಲಿಕೆಯನ್ನು ಮಾತ್ರ ಹೇಳುತ್ತವೆ, ಆದ್ದರಿಂದ ಎರಡನೆಯದನ್ನೂ ಹೇಳುವುದು ನನ್ನ ಕರ್ತವ್ಯ.

ಅಷ್ಟೇ ಅಲ್ಲ, ಡಿಜಿಟಲ್ ಆದ ಮಾತ್ರಕ್ಕೆ ವಿಕಿರಣ ತಾನಾಗಿ ಇಳಿಯುವುದಿಲ್ಲ. ಫಿಲ್ಮಿಗೆ ಕಿರಣ ಹೆಚ್ಚಾದರೆ ಚಿತ್ರ ಕಪ್ಪಾಗಿ ತಪ್ಪು ತಕ್ಷಣ ಗೊತ್ತಾಗುತ್ತಿತ್ತು. ಫಾಸ್ಫರ್ ತಟ್ಟೆಯಲ್ಲಿ ಕಿರಣ ಅಗತ್ಯಕ್ಕಿಂತ ಹೆಚ್ಚಾದರೂ ತಂತ್ರಾಂಶ ಚಿತ್ರವನ್ನು ಹದ ಮಾಡಿ ತೋರಿಸುತ್ತದೆ, ಹೀಗಾಗಿ ಯಂತ್ರದ ಸಮಯವನ್ನು ಕಡಿಮೆಗೆ ಹೊಂದಿಸುವ ಶಿಸ್ತು ಇಲ್ಲದ ಕಡೆ ರೋಗಿಗೆ ಅನಗತ್ಯ ವಿಕಿರಣ ಹೋಗುತ್ತಲೇ ಇರಬಹುದು. ಚಿತ್ರ ಬೇಗ ಬರುತ್ತದೆ ಎಂಬ ಸಲೀಸು ಕೂಡ ‘ಇನ್ನೊಂದು ತೆಗೆದುಬಿಡೋಣ’ ಎಂಬ ಅಭ್ಯಾಸಕ್ಕೆ ದಾರಿ ಮಾಡುತ್ತದೆ. ಕಿರಣವನ್ನು ಸೆನ್ಸರಿನ ಅಳತೆಗೆ ತಕ್ಕಂತೆ ಆಯತಾಕಾರಕ್ಕೆ ಕಿರಿದಾಗಿಸುವ ಸಾಧನವೊಂದಿದೆ. ದುಂಡು ಕೊಳವೆಯ ಬದಲು ಅದನ್ನು ಬಳಸಿದರೆ ವಿಕಿರಣ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಅಗ್ಗದ, ಸರಳವಾದ ಈ ಉಪಾಯ ನಮ್ಮ ಕ್ಲಿನಿಕ್‌ಗಳಲ್ಲಿ ಇನ್ನೂ ಅಪರೂಪವಾಗಿರುವುದು ನನಗೆ ನಿಜಕ್ಕೂ ಬೇಸರದ ವಿಷಯ. ನಮ್ಮ ದೇಶದಲ್ಲಿ ದಂತ ಎಕ್ಸ್‌ರೇ ಯಂತ್ರಗಳು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ವ್ಯಾಪ್ತಿಗೆ ಬರುತ್ತವೆ, ಮಂಡಳಿಯ ಇ-ಲೋರಾ ಜಾಲದಲ್ಲಿ ಅವುಗಳ ನೋಂದಣಿ ಆಗಿರಬೇಕು. ನೋಂದಣಿ ಆಗಿದೆಯೇ ಎಂದು ವೈದ್ಯರನ್ನು ಗೌರವದಿಂದ ಕೇಳುವುದರಲ್ಲಿ ಸಂಕೋಚ ಬೇಡ.

ಎಕ್ಸ್‌ರೇಗೆ ಕಾಣದ ಸಂಗತಿಗಳೂ ಇವೆ. ಖನಿಜಾಂಶ ಸುಮಾರು ಶೇ 30 ರಿಂದ 40ರಷ್ಟು ಕರಗುವವರೆಗೆ ಹುಳುಕು ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವುದಿಲ್ಲ. ಹಲ್ಲಿನ ಸಣ್ಣ ಬಿರುಕು ಹೆಚ್ಚಿನ ಸಲ ತಪ್ಪಿಸಿಕೊಳ್ಳುತ್ತದೆ. ವಸಡಿನ ರೋಗ ಈಗ ಚುರುಕಾಗಿದೆಯೋ ಹಳೆಯದೋ ಎಂಬುದನ್ನು ಚಿತ್ರವೊಂದೇ ಹೇಳಲಾರದು, ವಸಡಿನ ಆಳವನ್ನು ಅಳೆದು, ರಕ್ತ ಬರುತ್ತದೆಯೇ ಎಂದು ನೋಡಬೇಕು. ಆದ್ದರಿಂದ ಬಾಯಿಯನ್ನು ಪರೀಕ್ಷಿಸಿದ ಮೇಲೆ ಎಕ್ಸ್‌ರೇ, ಎಕ್ಸ್‌ರೇ ನೋಡಿದ ಮೇಲೆ ಬಾಯಿ ಅಲ್ಲ. ಬಾಗಿಲಲ್ಲೇ ಎಲ್ಲರಿಗೂ ಒಂದು ಓಪಿಜಿ ಎಂಬ ಕ್ರಮವನ್ನು ನಾನು ಒಪ್ಪುವುದಿಲ್ಲ.

ಚಿತ್ರ ನಿಮ್ಮದು ಎಂಬುದನ್ನೂ ಹೇಳಬೇಕು. ಓದಿಗೆ, ಕೆಲಸಕ್ಕೆ ಊರೂರು ಬದಲಿಸುವವರು ಹಳೆಯ ಚಿತ್ರಗಳ ಪ್ರತಿಯನ್ನು ಮೊದಲಿನ ಕ್ಲಿನಿಕ್‌ನಿಂದ ಪಡೆದು ಇಟ್ಟುಕೊಂಡರೆ ಹೊಸ ವೈದ್ಯರು ಅದೇ ಹಲ್ಲಿಗೆ ಮತ್ತೆ ಕಿರಣ ಹಾಯಿಸುವುದು ಎಷ್ಟೋ ಸಲ ತಪ್ಪುತ್ತದೆ. ಪರದೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರೆ ಸೂಕ್ಷ್ಮ ವಿವರ ಉಳಿಯುವುದಿಲ್ಲ. ಮೂಲ ಕಡತವನ್ನೇ, ಸಾಧ್ಯವಾದರೆ ಡೈಕಾಮ್ ಎಂಬ ವೈದ್ಯಕೀಯ ಮಾದರಿಯಲ್ಲಿ, ತೆಗೆದ ದಿನಾಂಕದ ಸಮೇತ ಕೇಳಿ ಪಡೆಯಿರಿ.

ಉಪನ್ಯಾಸದ ಬಳಿಕ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸಿದ್ದೇನೆ.

ಗರ್ಭಿಣಿಯರು ಎಕ್ಸ್‌ರೇ ತೆಗೆಸಬಹುದೇ ಎಂದು ಒಬ್ಬ ತಾಯಿ ಕೇಳಿದರು. ಕಿರಣ ಬೀಳುವುದು ದವಡೆಯ ಮೇಲೆ, ಗರ್ಭಕ್ಕೆ ತಲುಪುವ ಪಾಲು ನಗಣ್ಯ. ಕೀವು ತುಂಬಿದ ಹಲ್ಲನ್ನು ಚಿಕಿತ್ಸೆಯಿಲ್ಲದೆ ಬಿಡುವುದೇ ತಾಯಿಗೂ ಮಗುವಿಗೂ ಹೆಚ್ಚು ಅಪಾಯಕಾರಿ. ಅಗತ್ಯವಿದ್ದಾಗ ತೆಗೆಸಬಹುದು, ಮುಂದೂಡಬಹುದಾದ ಚಿತ್ರವನ್ನು ಹೆರಿಗೆಯ ನಂತರಕ್ಕೆ ಇಟ್ಟುಕೊಳ್ಳಬಹುದು. ಗರ್ಭಿಣಿ ಎಂಬ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಸೀಸದ ಏಪ್ರನ್ ಹಾಕದೆ ಚಿತ್ರ ತೆಗೆದರೆ ತಪ್ಪೇ ಎಂಬುದು ಎರಡನೆಯ ಪ್ರಶ್ನೆ. ಅಮೆರಿಕದ ದಂತವೈದ್ಯರ ಸಂಘದ ತಜ್ಞರು 2024ರಲ್ಲಿ, ಕಿರಣವನ್ನು ಸರಿಯಾಗಿ ಸೀಮಿತಗೊಳಿಸಿದರೆ ಏಪ್ರನ್, ಕುತ್ತಿಗೆ ಪಟ್ಟಿ ಎರಡೂ ಅಗತ್ಯವಿಲ್ಲ ಎಂದು ಶಿಫಾರಸು ಮಾಡಿದರು. ನಮ್ಮಲ್ಲಿ ಆಯತಾಕಾರದ ಸಾಧನ ಬಳಕೆಗೆ ಬರುವವರೆಗೆ, ವಿಶೇಷವಾಗಿ ಮಕ್ಕಳಿಗೆ, ಚಿತ್ರಕ್ಕೆ ಅಡ್ಡ ಬಾರದ ಕಡೆ ಥೈರಾಯ್ಡ್ ಪಟ್ಟಿ ಕಟ್ಟುವುದನ್ನು ನಾನು ಮುಂದುವರಿಸುತ್ತೇನೆ.

ಬುದ್ಧಿಹಲ್ಲು ಕೀಳಿಸಲು ಹೋದಾಗ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಬರೆದುಕೊಟ್ಟಿದ್ದಾರೆ, ಅದು ಬೇಕೇ ಎಂದು ಯುವಕರೊಬ್ಬರು ಕೇಳಿದರು. ಬುದ್ಧಿಹಲ್ಲಿನ ಬೇರು, ಕೆಳತುಟಿಗೆ ಸ್ಪರ್ಶಜ್ಞಾನ ಕೊಡುವ ನರದ ನಾಳಕ್ಕೆ ತಾಗಿಕೊಂಡಿರುವಂತೆ ಓಪಿಜಿಯಲ್ಲಿ ಕಂಡರೆ, ಅದು ನಿಜಕ್ಕೂ ತಾಗಿದೆಯೋ ಮುಂದೆ ಹಿಂದೆ ಇದೆಯೋ ಎಂಬುದು ಚಪ್ಪಟೆ ಚಿತ್ರದಲ್ಲಿ ತಿಳಿಯುವುದಿಲ್ಲ. ನರಕ್ಕೆ ಪೆಟ್ಟಾದರೆ ತುಟಿ ತಿಂಗಳುಗಟ್ಟಲೆ, ಕೆಲವರಲ್ಲಿ ಕಾಯಂ ಆಗಿ ಜೋಮು ಹಿಡಿದಂತೆ ಉಳಿಯಬಹುದು. ಅಂಥ ಸಂದರ್ಭದಲ್ಲಿ ಆ ಸ್ಕ್ಯಾನ್ ಅಗತ್ಯವೇ, ಅದೂ ಆ ಹಲ್ಲಿನ ಸುತ್ತಲಿನ ಚಿಕ್ಕ ಭಾಗಕ್ಕೆ ಮಾತ್ರ ಸಾಕು. ಓಪಿಜಿಯಲ್ಲಿ ಬೇರು ನರದಿಂದ ಸ್ಪಷ್ಟವಾಗಿ ದೂರವಿದ್ದರೆ ಸಿಬಿಸಿಟಿ ಬೇಕಾಗಿಲ್ಲ. ಅವರ ಓಪಿಜಿಯನ್ನು ಸಭೆ ಮುಗಿದ ಮೇಲೆ ನೋಡಿದೆ. ಬೇರಿನ ತುದಿ ನಾಳದ ಗೆರೆಯ ಮೇಲೆಯೇ ಕೂತಿತ್ತು, ಸ್ಕ್ಯಾನ್ ಮಾಡಿಸಿ ಎಂದೇ ಹೇಳಿ ಕಳುಹಿಸಿದೆ.